ಕ್ಯಾರವಾನ್‌ನ (ಕಾರು ಎಳೆಯುವ ಮನೆಗಾಡಿಯ) ನೋಸ್ ವೇಟ್ ಮನೆಯಲ್ಲೇ ನೋಡುವುದು ಹೇಗೆ? ಅದರ ಮೂತಿಯಡಿಯ ಪುಟ್ಟ ಆಧಾರ ಚಕ್ರ, ಅಂದರೆ ಜಾಕಿ ವೀಲ್‌ಗೆ ಏನು ಆರೈಕೆ ಬೇಕು?

ನೋಸ್ ವೇಟ್ ಅಂದರೆ ಕ್ಯಾರವಾನ್‌ನ ಮೂತಿ ಕಾರಿನ ಹಿಂದಿನ ಟೋ ಬಾಲ್ (ಕೊಂಡಿ ಕೂರುವ ಗುಂಡು) ಮೇಲೆ ಹೇರುವ ಭಾರ, ಅಷ್ಟೇ. ಬ್ರಿಟನ್ನಿನಲ್ಲಿ ರೂಢಿಯ ಲೆಕ್ಕ, ಸಾಮಾನು ತುಂಬಿದ ಕ್ಯಾರವಾನ್ ತೂಕದ ಶೇ. 5ರಿಂದ 7. ಅಂದರೆ 1300 ಕೆಜಿಗೆ 65ರಿಂದ 91 ಕೆಜಿ. ಆದರೆ ಕಾರು, ಟೋ ಬಾರ್ (ಟೋ ಬಾಲ್ ಇರುವ ಕಾರಿನ ಸರಳು), ಹಿಚ್ (ಕ್ಯಾರವಾನ್ ಮೂತಿಯ ಕೊಂಡಿ) ಮೂರಕ್ಕೂ ಬೇರೆ ಬೇರೆ ಮಿತಿ ಇರುತ್ತದೆ, ಅವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಲೇಬಾರದು. ಭಾರ ಕಡಿಮೆಯಾದರೆ ಮೋಟರ್‌ವೇಯಲ್ಲಿ ಕ್ಯಾರವಾನ್ ಹಾವಿನಂತೆ ಓಲಾಡುತ್ತದೆ. ಜಾಸ್ತಿಯಾದರೆ ಕಾರಿನ ಮುಂದಿನ ಚಕ್ರಗಳ ಹಿಡಿತ ಹೋಗುತ್ತದೆ.

ದುಬಾರಿ ಗೇಜ್ ಬೇಕಿಲ್ಲ, ಬಾತ್‌ರೂಮ್ ತೂಕದ ಯಂತ್ರವೇ ಸಾಕು. ಸಮತಟ್ಟು ಜಾಗದಲ್ಲಿ ಪ್ರಯಾಣಕ್ಕೆ ತುಂಬಿದಂತೆಯೇ ಸಾಮಾನು ತುಂಬಿ, ಚಕ್ರಗಳು ಉರುಳದಂತೆ ಅಡ್ಡ ಕೊಟ್ಟು, ಹಿಚ್ ಕೆಳಗೆ ಯಂತ್ರದ ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಜಾಕಿ ವೀಲ್ ನೆಲ ಬಿಡುವವರೆಗೆ ಹ್ಯಾಂಡಲ್ ತಿರುಗಿಸಿ. ಆಗ ಹಿಚ್ ಟೋ ಬಾಲ್‌ನಷ್ಟೇ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ. ಹೆಚ್ಚುಕಮ್ಮಿ ಇದ್ದರೆ ಭಾರದ ಸಾಮಾನನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ, ಆದರೆ ಆ್ಯಕ್ಸಲ್ ಹತ್ತಿರ ನೆಲದ ಮೇಲೇ ಇರಲಿ. ತೂಕ ಸರಿಮಾಡೋಕೆ ಅಂತ ಸುಮ್ನೆ ಹಿಂಬದಿಯ ತುದಿಗೆ ಪೇರಿಸಬೇಡಿ, ಅದೂ ಓಲಾಡಿಸುತ್ತದೆ.

ಜಾಕಿ ವೀಲ್‌ಗೆ ಬೇಕಿರುವುದು ಕಡಿಮೆ. ಒಳಗಿನ ಥ್ರೆಡ್‌ಗೆ ಆಗಾಗ ಗ್ರೀಸ್, ಚಕ್ರದ ಆ್ಯಕ್ಸಲ್‌ಗೆ ಒಂದಿಷ್ಟು ಎಣ್ಣೆ. ಹಿಡಿಯುವ ಕ್ಲಾಂಪ್‌ಗೆ ಮಾತ್ರ ಗ್ರೀಸ್ ತಾಗದಿರಲಿ, ಜಾರುತ್ತದೆ. ಕಾರಿಗೆ ಕಟ್ಟಿದ ಮೇಲೆ ಚಕ್ರವನ್ನು ಪೂರ್ತಿ ಮೇಲೆತ್ತಿ, ಕ್ಲಾಂಪ್ ಬಿಗಿ ಮಾಡಿ. ನಿಲ್ಲಿಸಿದಾಗ ಮೂಲೆಗಳಿಗೆ ಆಧಾರ ಕೊಡುವ ಕಾಲುಗಳನ್ನು (ಕಾರ್ನರ್ ಸ್ಟೆಡಿ) ಎತ್ತೋದು ಮರೆಯಬೇಡಿ.