ಓಡಿಸಿಕೊಂಡು ಹೋಗಿ ಟ್ರ್ಯಾಕ್ ಮಾಡಿ ಓಡಿಸಿಕೊಂಡೇ ಬರುವ ಕೇಮನ್‌ಗೆ ಯಾವ ಬ್ರೇಕ್ ಪ್ಯಾಡ್?

ನೀವು ಕೇಳಿದ್ದು ಇಷ್ಟು. ಬೆಂಗಳೂರಿನಲ್ಲಿ ಪೋರ್ಷ 718 ಕೇಮನ್ ಇದೆ, ಸೆರಾಮಿಕ್ ಅಲ್ಲದ ಮಾಮೂಲಿ ಕಬ್ಬಿಣದ ಡಿಸ್ಕು. ಊರೊಳಗೂ ಓಡಿಸುತ್ತೀರಿ, ಅದರಲ್ಲೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕಿಗೂ ಹೋಗಿ ಬರುತ್ತೀರಿ. ಕೆಲವು ಲ್ಯಾಪ್ ಆದಮೇಲೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ರೇಸಿಂಗ್ ಪ್ಯಾಡ್ ಹಾಕಿದರೆ ಸರಿಹೋಗುತ್ತಾ, ಹಾಕುವುದಾದರೆ ಯಾವುದು?

ಮೊದಲು ಒಂದು ಮಾತು. ಪೆಡಲ್ ಮೆತ್ತಗಾಗುತ್ತಿದೆ ಅಂದರೆ ನಿಮ್ಮ ಬ್ರೇಕ್ ಆಯಿಲ್ ಕುದಿಯುತ್ತಿದೆ. ಪ್ಯಾಡ್ ಕೈಕೊಟ್ಟಾಗ ಹಾಗಾಗಲ್ಲ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಮೈಭಾರವೆಲ್ಲ ಹಾಕಿ ತುಳಿದರೂ ಗಾಡಿ ಮಾತ್ರ ನಿಲ್ಲಲ್ಲ. ಈ ಎರಡರ ವ್ಯತ್ಯಾಸ ಕಾಲಿಗೆ ಗೊತ್ತಾಗಬೇಕು, ಯಾಕೆಂದರೆ ಎರಡಕ್ಕೂ ಮದ್ದು ಬೇರೆ. ಹಳೇ ಆಯಿಲ್ ಹಾಗೇ ಬಿಟ್ಟು ಪ್ಯಾಡ್ ಒಂದನ್ನೇ ಬದಲಿಸಿದರೆ ತೊಂದರೆ ಇನ್ನೂ ಜಾಸ್ತಿಯಾಗುವ ಸಾಧ್ಯತೆ ಇದೆ. ಬಿಸಿಯಲ್ಲೂ ಚೆನ್ನಾಗಿ ಹಿಡಿಯುವ ಪ್ಯಾಡ್ ಬಂದರೆ ನೀವು ಇನ್ನೂ ತಡವಾಗಿ, ಇನ್ನೂ ಜೋರಾಗಿ ಬ್ರೇಕ್ ಹಾಕುತ್ತೀರಿ. ಆ ಬಿಸಿಯಲ್ಲಿ ಒಂದಷ್ಟು ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ, ಅದರೊಳಗಿನ ಆಯಿಲ್‌ಗೆ ಹೋಗಲೇಬೇಕಲ್ವಾ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುತ್ತದೆ ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕ್‌ನಲ್ಲಿ 155 ಡಿಗ್ರಿ ಏನೇನೂ ಅಲ್ಲ. ಮೋಟುಲ್ ಆರ್‌ಬಿಎಫ್ 600 ಹೊಸದರಲ್ಲಿ 312 ಡಿಗ್ರಿವರೆಗೆ ತಡೆಯುತ್ತದೆ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ದುಬಾರಿ, ಆದರೆ ನೀರು ಹೀರಿದ ಮೇಲೂ 270 ಡಿಗ್ರಿವರೆಗೆ ನಿಲ್ಲುತ್ತದೆ. ಸೀಸನ್ನಿನಲ್ಲಿ ಒಂದೆರಡು ಸಲ ಹೋಗುವವರಿಗೆ ಮೋಟುಲ್ ಸಾಕು, ಪ್ರತಿ ಸಲ ಹೋಗುವ ಮುಂಚೆ ಹೊಸದು ತುಂಬಿಸಿ. ಅಂಗಡಿಯವರು ಡಾಟ್ 5 ಅಂತ ಕೊಟ್ಟರೆ ತಗೋಬೇಡಿ. ಅದು ಸಿಲಿಕೋನ್, ನಿಮ್ಮ ಗಾಡಿಗಲ್ಲ. ಡಾಟ್ 5.1 ಅನ್ನುವುದು ಬೇರೆಯದೇ.

ಗ್ಯಾರೇಜಿನಲ್ಲಿ ಬ್ಲೀಡ್ ಮಾಡಿಸುವಾಗ, ಅಂದರೆ ಹಳೇ ಆಯಿಲನ್ನೂ ಗಾಳಿಯನ್ನೂ ಹೊರಗೆ ತೆಗೆಸುವಾಗ, ಪಕ್ಕದಲ್ಲೇ ನಿಂತು ನೋಡಿ. ಆಯಿಲ್ ಹೊರಬಿಡುವ ಬ್ಲೀಡರ್‌ಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಕಷಾಯದ ಬಣ್ಣದ್ದು ಬರುತ್ತದೆ, ನಡುನಡುವೆ ಸಾಸಿವೆ ಗಾತ್ರದ ಗುಳ್ಳೆ. ತಿಳಿಯಾಗಿ, ಒಂದೂ ಗುಳ್ಳೆ ಇಲ್ಲದೆ ಬರುವವರೆಗೆ ನಿಲ್ಲಿಸಲು ಬಿಡಬೇಡಿ. ನಾಲ್ಕೂ ಚಕ್ರಕ್ಕೆ, ಪ್ರತಿ ಕ್ಯಾಲಿಪರ್‌ನ ಒಳಗಿನ ಮತ್ತು ಹೊರಗಿನ ಬ್ಲೀಡರ್ ಎರಡಕ್ಕೂ.

ಈಗ ಪ್ಯಾಡಿನ ವಿಷಯಕ್ಕೆ ಬರೋಣ. ಇಲ್ಲಿ ಎಲ್ಲರೂ ಬ್ರಾಂಡ್ ಹೆಸರಿನಿಂದ ಶುರುಮಾಡುತ್ತಾರೆ. ನಾನು ಬಿಸಿಯಿಂದ ಶುರುಮಾಡುತ್ತೇನೆ. ನೀವು ಕೂತ ಮೇಲೆ ಗಾಡಿಯ ತೂಕ ಹತ್ತಿರ ಹತ್ತಿರ 1,450 ಕೆಜಿ ಅಂದುಕೊಳ್ಳಿ. 200 ಕಿಮೀ ವೇಗದಿಂದ 80ಕ್ಕೆ ಇಳಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 1.9 ಮೆಗಾಜೂಲ್. ಅಂದರೆ ಆರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು, ಅದೂ ಮೂರೂವರೆ ನಾಲ್ಕು ಸೆಕೆಂಡಿನಲ್ಲಿ. ರಸ್ತೆಯಲ್ಲಿ 100ರಿಂದ ಪೂರ್ತಿ ನಿಲ್ಲಿಸಿದರೂ ಇದರ ಮೂರನೇ ಒಂದು ಭಾಗ ಆಗಲ್ಲ, ಆಮೇಲೆ ತಣ್ಣಗಾಗಲು ಬೇಕಾದಷ್ಟು ಹೊತ್ತೂ ಸಿಗುತ್ತದೆ. ಟ್ರ್ಯಾಕಿನಲ್ಲಿ ಮುಂದಿನ ತಿರುವು ಆಗಲೇ ಬಂದಿರುತ್ತದೆ.

ಕಂಪನಿ ಪ್ಯಾಡ್ ಮಾಡಿರುವುದು ಬೆಳಿಗ್ಗೆ ತಣ್ಣಗಿದ್ದಾಗಲೇ ಹಿಡಿಯಲಿ, ಕಿರುಚದಿರಲಿ, ಡಿಸ್ಕ್ ತಿನ್ನದಿರಲಿ, ಚಕ್ರಕ್ಕೆ ಧೂಳು ಬಳಿಯದಿರಲಿ ಅಂತ. ರೇಸ್ ಪ್ಯಾಡಿಗೆ ಇವು ಯಾವುದೂ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಾದ್ದು ಬಿಸಿಯಲ್ಲಿ ಒಂದೇ ಸಮ ಹಿಡಿಯುವುದು ಮಾತ್ರ. ತಣ್ಣಗಿರುವಾಗ ಅದು ಸರಿಯಾಗಿ ಹಿಡಿಯಲ್ಲ. ಇರುಂಗಾಟ್ಟುಕೋಟೆಗೆ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ 300 ಕಿಮೀಗೂ ಜಾಸ್ತಿ ಹೈವೇ ಇದೆ. ಅಷ್ಟು ದೂರ ಬ್ರೇಕ್ ಮುಟ್ಟದೆ ಬಂದು, ಡಿಸ್ಕೆಲ್ಲ ತಣ್ಣಗಿರುವಾಗ, ಮಳೆಯಲ್ಲಿ, ಟೋಲ್ ಮುಂದೆ ಲಾರಿ ಸಡನ್ನಾಗಿ ನಿಂತರೆ ರೇಸ್ ಪ್ಯಾಡಿನ ಮೊದಲ ತುಳಿತಕ್ಕೆ ಬೇಕಾದಷ್ಟು ಹಿಡಿತ ಸಿಗಲ್ಲ. ಟ್ರ್ಯಾಕಿನಲ್ಲಿ ಬ್ರೇಕ್ ಹೋದರೆ ಹೆಚ್ಚಾಗಿ ಪಕ್ಕದ ಮರಳಿಗೆ ಇಳಿಯುತ್ತೀರಿ. ಹೈವೇಯಲ್ಲಿ ಎದುರಿಗೆ ಬೇರೆಯವರ ಸಂಸಾರ ಇರುತ್ತದೆ. ಅದಕ್ಕೇ ರಸ್ತೆಗೂ ಟ್ರ್ಯಾಕಿಗೂ ಒಂದೇ ಸೆಟ್ ರೇಸ್ ಪ್ಯಾಡ್ ಹಾಕುವುದನ್ನು ನಾನು ಯಾರಿಗೂ ಹೇಳಲ್ಲ.

ನಿಮ್ಮ ಈಗಿನ ಮಟ್ಟಕ್ಕೆ, ಅಂದರೆ ಹೊಸದಾಗಿ ಶುರುಮಾಡಿದವರು, ಮಾಮೂಲಿ ರಸ್ತೆ ಟೈರು ಅಂತ ಇಟ್ಟುಕೊಂಡು ಹೇಳುತ್ತೇನೆ: ಫೆರೋಡೋ ಡಿಎಸ್2500, ಮುಂದೆ ಹಿಂದೆ ಎರಡೂ ಕಡೆ. ಕಂಪನಿಯೇ ಕೊಡುವ ಲೆಕ್ಕ 20ರಿಂದ 500 ಡಿಗ್ರಿ, ಘರ್ಷಣೆ ಸರಾಸರಿ 0.42. ತಣ್ಣಗಿದ್ದಾಗಲೂ ಹಿಡಿಯುತ್ತದೆ, ಹಾಗಾಗಿ ಓಡಿಸಿಕೊಂಡು ಹೋಗಿ ಓಡಿಸಿಕೊಂಡೇ ಬರಬಹುದು. ಸ್ವಲ್ಪ ಕಿರುಚುತ್ತದೆ, ಧೂಳೂ ಜಾಸ್ತಿ. ರಸ್ತೆ ಟೈರಿನಲ್ಲಿ ಇದಕ್ಕಿಂತ ಜೋರಾದ ಪ್ಯಾಡ್ ಹಾಕಿ ಪ್ರಯೋಜನ ಕಡಿಮೆ. ಟೈರೇ ಮೊದಲು ಸೋಲುತ್ತದೆ, ಎಬಿಎಸ್ ಪದೇ ಪದೇ ಎದ್ದು ಕೂರುತ್ತದೆ.

ಮುಂದೆ ಸೆಮಿ ಸ್ಲಿಕ್, ಅಂದರೆ ಗೀರು ಕಡಿಮೆ ಇದ್ದು ಹಿಡಿತ ಜಾಸ್ತಿ ಇರುವ ಟೈರ್ ಹಾಕಿ ನೀವೂ ವೇಗ ಕಲಿತ ಮೇಲೆ ಡಿಎಸ್2500 ಸಾಲಲ್ಲ. ಆಗ ಪಜಿಡ್ ಆರ್‌ಎಸ್‌ಎಲ್29 ತಗೊಳ್ಳಿ, ಪೋರ್ಷದವರು ಸಾಮಾನ್ಯವಾಗಿ ಹಳದಿ ಪ್ಯಾಡ್ ಅನ್ನುವುದು ಇದನ್ನೇ. ಇಲ್ಲವೇ ಫೆರೋಡೋ ಡಿಎಸ್1.11. ಎರಡೂ ದೀರ್ಘ ರೇಸುಗಳಿಗೆ ಮಾಡಿದವು, ನಿಧಾನಕ್ಕೆ ಸವೆಯುತ್ತವೆ. ಮುಖ್ಯವಾಗಿ ಬ್ರೇಕ್ ಬಿಡುವಾಗ ಹಿಡಿತ ಹಂತಹಂತವಾಗಿ ಇಳಿಯುತ್ತದೆ. ಇದರ ಬಗ್ಗೆ ಜನ ಮಾತಾಡುವುದು ಕಡಿಮೆ. ಮಧ್ಯದಲ್ಲಿ ಇಂಜಿನ್ ಇರುವ ಗಾಡಿಯನ್ನು ಬ್ರೇಕ್ ಸಡಿಲಿಸುತ್ತಾ ತಿರುವಿಗೆ ನುಗ್ಗಿಸುವಾಗ, ಪ್ಯಾಡ್ ಥಟ್ಟನೆ ಬಿಟ್ಟುಬಿಟ್ಟರೆ ಮುಂದಿನ ಭಾರ ಒಮ್ಮೆಲೇ ಹೋಗಿ ಮೂಗು ತಿರುಗುವುದೇ ಇಲ್ಲ. ಎಷ್ಟು ಜೋರಾಗಿ ಹಿಡಿಯುತ್ತದೆ ಅನ್ನುವುದಕ್ಕಿಂತ ಹೇಗೆ ಬಿಡುತ್ತದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಇವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಪ್ಯಾಡಕ್‌ನಲ್ಲೇ, ಅಂದರೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗದಲ್ಲೇ ಬದಲಿಸಿ. ನಾನೂ ಹಾಗೇ ಎರಡು ಸೆಟ್ ಇಟ್ಟಿದ್ದೇನೆ. ಪೋರ್ಷ ಕ್ಯಾಲಿಪರ್‌ನಲ್ಲಿ ಈ ಕೆಲಸ ಸಲೀಸು. ಚಕ್ರ ಬಿಚ್ಚಿ, ಪಿನ್ ತೆಗೆದು, ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿದರೆ ಕ್ಯಾಲಿಪರ್ ಕಳಚದೆಯೇ ಪ್ಯಾಡ್ ಹೊರಗೆ ಬರುತ್ತದೆ. ಚಕ್ರದ ಬೋಲ್ಟ್ ವಾಪಸ್ ಬಿಗಿ ಮಾಡುವಾಗ ಟಾರ್ಕ್ ರೆಂಚ್ ಬಳಸಿ, 160 ನ್ಯೂಟನ್ ಮೀಟರ್.

ಟ್ರ್ಯಾಕ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿಮೀ, ಇರುಂಗಾಟ್ಟುಕೋಟೆ 3.7. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 5.1 ಕಿಮೀ, ಅಲ್ಲಿ ಒಂದು ಕಿಮೀಗೂ ಉದ್ದದ ನೇರ ರಸ್ತೆಯ ಕೊನೆಗೆ ನಾಲ್ಕನೇ ತಿರುವಿಗೆ ಬಲವಾದ ಬ್ರೇಕ್ ಬೇಕು. ಇಲ್ಲಿ ಸಾಕಾದದ್ದು ಅಲ್ಲಿ ಸಾಲದೆ ಹೋಗಬಹುದು. ಅಂದಾಜಿನ ಬದಲು ಅಳೆಯಬೇಕು ಅಂದರೆ ಡಿಸ್ಕಿನ ಅಂಚಿಗೆ ಹಚ್ಚುವ ಬಣ್ಣ ಸಿಗುತ್ತದೆ. ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತದೆ. ಒಂದು ಸೆಷನ್ ಮುಗಿಸಿ ಬಂದು ನೋಡಿದರೆ ಪ್ಯಾಡ್ ತನ್ನ ಮಿತಿಯೊಳಗಿದೆಯಾ ಅಂತ ಗೊತ್ತಾಗುತ್ತದೆ. ಬೇರೆಯವರ ಮಾತಿಗಿಂತ ಆ ಮೂರು ಗೆರೆ ನಂಬಿ.

ಹಿಂದಿನ ಪ್ಯಾಡ್ ಮರೀಬೇಡಿ. ಗಾಡಿ ಜಾರದಂತೆ ನೋಡಿಕೊಳ್ಳುವ ಪಿಎಸ್‌ಎಂ ವ್ಯವಸ್ಥೆ ಆನ್ ಇದ್ದರೆ ಗಾಡಿ ತಾನಾಗೇ ಚಕ್ರಗಳಿಗೆ ಬ್ರೇಕ್ ಹಾಕುತ್ತಿರುತ್ತದೆ. ಟಾರ್ಕ್ ವೆಕ್ಟರಿಂಗ್ ಆಪ್ಷನ್ ಇದ್ದರಂತೂ ತಿರುವಿನಲ್ಲಿ ಒಳಗಡೆಯ ಹಿಂದಿನ ಚಕ್ರವನ್ನೇ ಹಿಡಿಯುತ್ತದೆ. ನೀವು ತುಳಿಯದಿದ್ದರೂ ಅಲ್ಲಿ ಸವೆತ. ಹಾಗಂತ ಹಿಂದೆ ಮಾತ್ರ ಜೋರಾದ ಪ್ಯಾಡ್ ಹಾಕಲೇಬೇಡಿ, ಜೋರಾಗಿ ಬ್ರೇಕ್ ಹಾಕಿದಾಗ ಬಾಲ ಮುಂದೆ ಬರುತ್ತದೆ. ಎರಡೂ ಕಡೆ ಒಂದೇ ಕಾಂಪೌಂಡ್, ಅಂದರೆ ಒಂದೇ ಮಿಶ್ರಣದ ಪ್ಯಾಡ್ ಇರಲಿ.

ತಗೊಳ್ಳುವಾಗ ಗಾಡಿ ಹೆಸರು ಹೇಳಿದರೆ ಸಾಲದು. 718 ಕೇಮನ್ ಎಸ್‌ಗೆ ಮುಂದೆ ಇರುವುದು 911 ಕರೇರಾದ ಕ್ಯಾಲಿಪರ್, ಎಸ್ ಅಲ್ಲದ್ದಕ್ಕೆ ಬೇರೆ. ಹಳೇ ಪ್ಯಾಡ್ ಬಿಚ್ಚಿ ಆಕಾರ ಹೋಲಿಸಿ, ಪಾರ್ಟ್ ನಂಬರ್ ಹಿಡಿದೇ ಆರ್ಡರ್ ಮಾಡಿ. ಫೆರೋಡೋ ರೇಸಿಂಗ್ ನಂಬರ್ ಸಾಮಾನ್ಯವಾಗಿ ಎಫ್‌ಸಿಪಿ ಅಂತ ಶುರುವಾಗುತ್ತದೆ. ಕೊನೆಯಲ್ಲಿ ಎಚ್ ಇದ್ದರೆ ಡಿಎಸ್2500, ಡಬ್ಲ್ಯೂ ಇದ್ದರೆ ಡಿಎಸ್1.11.

ಹೊಸ ಪ್ಯಾಡ್ ಹಾಕಿದ ತಕ್ಷಣ ಜೋರಾಗಿ ಹೋಗಬೇಡಿ. ಪ್ಯಾಡಿನ ತೆಳುವಾದ ಒಂದು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಖಾಲಿ ಜಾಗದಲ್ಲಿ ಮೊದಲು ಮೆಲ್ಲಗೆ, ಆಮೇಲೆ ಹಂತಹಂತವಾಗಿ ಜೋರಾಗಿ ಬ್ರೇಕ್ ಹಾಕಿ, ಆದರೆ ಪೂರ್ತಿ ನಿಲ್ಲಿಸಬೇಡಿ. ವಾಸನೆ ಬರುತ್ತದೆ, ಸ್ವಲ್ಪ ಹೊಗೆಯೂ ಬರಬಹುದು, ಹೆದರಬೇಡಿ. ಒಳಗಿನ ಅಂಟು ಸುಟ್ಟು ಅನಿಲ ಹೊರಗೆ ಬರುತ್ತಿರುತ್ತದೆ. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡಿ. ಪದರ ಏರುಪೇರಾಗಿ ಕೂತರೆ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡಾಗಿದೆ ಅಂತ ಮೆಕ್ಯಾನಿಕ್ ಹೇಳುವುದು ಬಹಳ ಸಲ ಇದನ್ನೇ.

ಸೆಷನ್ ಮುಗಿಯುವಾಗ ಕೊನೆಯ ಲ್ಯಾಪ್ ನಿಧಾನವಾಗಿ ಬನ್ನಿ. ಪ್ಯಾಡಕ್‌ನಲ್ಲಿ ನಿಲ್ಲಿಸಿದ ಮೇಲೆ ಪೆಡಲ್ ಒತ್ತಿಕೊಂಡೇ ಕೂರಬೇಡಿ, ಹ್ಯಾಂಡ್‌ಬ್ರೇಕೂ ಬೇಡ. ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಟಾರ್ಚ್ ಹಿಡಿದು ಪ್ಯಾಡ್ ನೋಡಿ. ಅಂಚು ಬಿಳಿಚಿಕೊಂಡು ಪುಡಿಪುಡಿಯಾಗಿ ಉದುರುತ್ತಿದ್ದರೆ ಅದು ಮಿತಿ ದಾಟಿದೆ. ದಪ್ಪ ಅರ್ಧಕ್ಕೆ ಬಂದಿದ್ದರೆ ಬದಲಿಸಿ. ತೆಳುವಾದಷ್ಟೂ ಬಿಸಿ ಸೀದಾ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ಹೋಗುತ್ತದೆ. ನಿಮ್ಮ ಪೆಡಲ್ ಮೆತ್ತಗಾಗಲು ಇದೂ ಕಾರಣ ಇರಬಹುದು, ಈಗಲೇ ನೋಡಿಸಿ. ಡಿಸ್ಕ್ ತಣ್ಣಗಾದ ಮೇಲೆ ತೂತುಗಳ ಸುತ್ತ ಉಗುರು ಆಡಿಸಿ. ಕೂದಲೆಳೆ ಬಿರುಕು ಮಾಮೂಲು. ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ ಸೇರಿದ್ದರೆ ಅಥವಾ ಅಂಚಿಗೆ ಬಂದಿದ್ದರೆ ಆ ಡಿಸ್ಕಿನಲ್ಲಿ ಇನ್ನೊಂದು ಲ್ಯಾಪ್ ಕೂಡ ಬೇಡ.

ಮತ್ತೊಂದು. ಪ್ಯಾಡ್ ಬದಲಿಸುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಿ. ಹಾಗಾಗಿ ಮೊದಲ ಸಲ ತುಳಿದಾಗ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಬ್ರೇಕೇ ಇರಲ್ಲ. ಗಾಡಿ ಒಂದಿಂಚು ಅಲ್ಲಾಡುವ ಮುಂಚೆ, ನಿಂತಲ್ಲೇ, ಪೆಡಲ್ ಗಟ್ಟಿಯಾಗುವವರೆಗೆ ಮೆಲ್ಲಗೆ ತುಳಿಯುತ್ತಾ ಇರಿ. ಬ್ರೇಕ್ ಆಯಿಲ್ ಟ್ಯಾಂಕಿನಲ್ಲಿ ಮಟ್ಟ ಎಷ್ಟಿದೆ ಅಂತ ಆಮೇಲೆ ಇನ್ನೊಮ್ಮೆ ನೋಡಿ. ನಿಮ್ಮದು ಎಸ್ಸಾ ಅಲ್ವಾ, ಟೈರ್ ಯಾವುದು, ಈಗ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ತಿಳಿಸಿದರೆ ಇನ್ನೂ ಸರಿಯಾಗಿ ಹೇಳಬಹುದು.