ತುಟಿ ಜೋಮು ಹಿಡಿದರೂ ಹಲ್ಲು ನೋಯುತ್ತೆ, ಇಂಜೆಕ್ಷನ್ ಬದಲಾಯಿಸಬೇಕಾ?

ಪ್ರಶ್ನೆ: ಕೆಳಗಿನ ದವಡೆ ಹಲ್ಲಿನ ನೋವಿಗೆ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ಬಸವನಗುಡಿಯ ಒಂದು ಕ್ಲಿನಿಕ್‌ನಲ್ಲಿ ರೂಟ್ ಕೆನಾಲ್ ಶುರು ಮಾಡಿದರು. ಎರಡು ಸಲ ಇಂಜೆಕ್ಷನ್ ಕೊಟ್ಟರು, ತುಟಿ ಪೂರ್ತಿ ಜೋಮು ಹಿಡಿಯಿತು, ಆದರೂ ಡ್ರಿಲ್ ಇಟ್ಟ ತಕ್ಷಣ ಜೀವ ಹೋದ ಹಾಗಾಯಿತು. ಬೇರೆ ಕಡೆ ವಿಚಾರಿಸಿದರೆ, 'ನಮ್ಮಲ್ಲಿ ಆರ್ಟಿಕೇನ್ ಇದೆ, ಲಿಗ್ನೋಕೇನ್‌ಗಿಂತ ಸ್ಟ್ರಾಂಗ್, ಸ್ವಲ್ಪ ಜಾಸ್ತಿ ಆಗುತ್ತೆ' ಅಂದರು. ನಿಜವಾಗಲೂ ವ್ಯತ್ಯಾಸ ಇದೆಯಾ? ಅಮ್ಮನಿಗೂ ಒಂದು ಹಲ್ಲು ಕೀಳಿಸಬೇಕು. ಅವರಿಗೆ ಬಿಪಿ ಇದೆ, ಪ್ರೊಪ್ರನೊಲಾಲ್ ಮಾತ್ರೆ ತಗೋತಾರೆ. ಅವರಿಗೆ ಯಾವುದು ಸರಿ?
– ಓದುಗರು, ಬೆಂಗಳೂರು

ಉತ್ತರ: ನಿಮಗೆ ಕೊಟ್ಟ ಔಷಧಿ ಕಳಪೆ ಅಂದುಕೊಳ್ಳಬೇಡಿ. ತುಟಿ ಜೋಮು ಹಿಡಿದಿದೆ ಅಂದರೆ ಔಷಧಿ ಕೆಲಸ ಮಾಡಿದೆ, ದವಡೆಯ ದೊಡ್ಡ ನರದ ಹತ್ತಿರಕ್ಕೂ ತಲುಪಿದೆ. ತೊಂದರೆ ಇರುವುದು ಆ ಹಲ್ಲಿನೊಳಗೆ. ಈ ಔಷಧಿಗಳೆಲ್ಲ ನರದ ಒಳಗೆ ಹೋಗಿ ಸೋಡಿಯಂ ಓಡಾಡುವ ದಾರಿಯನ್ನು ಮುಚ್ಚುತ್ತವೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ ಹಾಗೆ. ಹಲ್ಲಿನ ನರ ಕೆರಳಿ ಊದಿಕೊಂಡಾಗ, ಈ ಔಷಧಿಗಳಿಗೆ ಸುಲಭವಾಗಿ ಬಗ್ಗದ ದಾರಿಗಳು ನರದಲ್ಲಿ ಜಾಸ್ತಿಯಾಗುತ್ತವೆ. ಜೊತೆಗೆ ಕೀವು ತುಂಬಿದ ಜಾಗದಲ್ಲಿ ಆಮ್ಲ ಹೆಚ್ಚು. ಅಲ್ಲಿಗೇ ಚುಚ್ಚಿದರೆ ನರದ ಪೊರೆ ದಾಟಿ ಒಳಗೆ ಹೋಗುವ ಔಷಧಿ ಕಡಿಮೆ. ರಾತ್ರಿ ನಿದ್ದೆ ಕೆಡಿಸುವ ಕೆಳದವಡೆ ಹಲ್ಲು ನಮಗೆಲ್ಲ ಅತಿ ಕಷ್ಟದ ಕೇಸ್.

ಈಗ ಆರ್ಟಿಕೇನ್ ವಿಷಯ. ಲಿಗ್ನೋಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು. ಇವತ್ತಿಗೂ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿನಿಂದ ಹಿಡಿದು ಗಲ್ಲಿಯ ಕ್ಲಿನಿಕ್‌ವರೆಗೆ ಎಲ್ಲರಿಗೂ ಪರಿಚಯದ ಔಷಧಿ ಅದೇ. ನಮ್ಮಲ್ಲಿ ಸಾಮಾನ್ಯವಾಗಿ 2% ಲಿಗ್ನೋಕೇನ್ ಜೊತೆ 80,000ಕ್ಕೆ 1ರಂತೆ ಅಡ್ರಿನಲಿನ್ ಸೇರಿಸಿರುತ್ತಾರೆ. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಔಷಧಿ ಬೇಗ ರಕ್ತಕ್ಕೆ ಸೇರಿಹೋಗುವುದಿಲ್ಲ. ಅದಿಲ್ಲದ ಬರೀ ಲಿಗ್ನೋಕೇನ್ ಹಲ್ಲಿನ ನರವನ್ನು 5ರಿಂದ 10 ನಿಮಿಷ ಮಾತ್ರ ಮರಗಟ್ಟಿಸುತ್ತೆ. ಸೇರಿಸಿದರೆ ಸುಮಾರು ಒಂದು ಗಂಟೆ, ತುಟಿಯ ಜೋಮು 3ರಿಂದ 5 ಗಂಟೆ.

ಆರ್ಟಿಕೇನ್ 4% ಬರುತ್ತೆ. ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ಗುಣದಿಂದ ಮೂಳೆಯ ಮೂಲಕ ಜಾಸ್ತಿ ಇಳಿಯುತ್ತೆ. ಕೆಳದವಡೆ ಹಲ್ಲಿನ ಹೊರಗಿನ ಮೂಳೆ ದಪ್ಪ. ಅಲ್ಲಿ ಹಲ್ಲಿನ ಪಕ್ಕದಲ್ಲೇ ಕೊಡುವ ಇಂಜೆಕ್ಷನ್‌ಗೆ ಲಿಗ್ನೋಕೇನ್‌ಗಿಂತ ಆರ್ಟಿಕೇನ್ ನಿಜವಾಗಿ ಮೇಲು. ಆದರೆ ಬಾಯಿಯ ಹಿಂದೆ ದೊಡ್ಡ ನರಕ್ಕೆ ಕೊಡುವ ಬ್ಲಾಕ್‌ನಲ್ಲಿ ಅಂಥ ದೊಡ್ಡ ಲಾಭ ಕಂಡಿಲ್ಲ. ಅಲ್ಲಿ ಆರ್ಟಿಕೇನ್ ಕೊಟ್ಟಮೇಲೆ ನಾಲಿಗೆ, ತುಟಿ ತುಂಬಾ ದಿನ ಜೋಮು ಹಿಡಿದೇ ಇದ್ದ ವರದಿಗಳೂ ಇವೆ. ಅಪರೂಪ, ವಾದವೂ ಮುಗಿದಿಲ್ಲ, ಆದರೂ ನಾನು ಬ್ಲಾಕ್‌ಗೆ ಲಿಗ್ನೋಕೇನನ್ನೇ ಆರಿಸುತ್ತೇನೆ.

ಹಾಗಾಗಿ ನೀವು ಡಾಕ್ಟರ್ ಹತ್ತಿರ ಕೇಳಬೇಕಾದದ್ದು ಇಷ್ಟು: ಬ್ಲಾಕ್ ಲಿಗ್ನೋಕೇನ್‌ನಲ್ಲಿ ಕೊಟ್ಟು, ಮೇಲಿಂದ ಕೆನ್ನೆ ಕಡೆ ಹಲ್ಲಿನ ಪಕ್ಕ ಆರ್ಟಿಕೇನ್ ಕೊಡ್ತೀರಾ? ಇದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ತಪ್ಪಿಲ್ಲ. ಅದೇ ಮೇಲಿನ ಹಲ್ಲಾಗಿದ್ದರೆ ಸುಮ್ನೆ ಖರ್ಚು, ಅಲ್ಲಿ ಮೂಳೆ ತೆಳು, ಸಾಮಾನ್ಯವಾಗಿ ಲಿಗ್ನೋಕೇನ್ ಸಾಕು. ಅಷ್ಟಾದರೂ ನೋಯುತ್ತಿದ್ದರೆ ಹಲ್ಲಿನ ಸುತ್ತಲಿನ ಸಂದಿಗೆ, ಕೊನೆಗೆ ನೇರವಾಗಿ ಹಲ್ಲಿನ ನರಕ್ಕೇ ಕೊಡುವ ದಾರಿಗಳಿವೆ. ನೋವಾದರೆ ಕೈ ಎತ್ತಿ, ನಿಲ್ಲಿಸಲು ಹೇಳಿ. ಹಲ್ಲು ಕಚ್ಚಿಕೊಂಡು ಸಹಿಸಬೇಕಾದ ಕಾಲ ಇದಲ್ಲ.

ಬುಪಿವಕೇನ್ ಅನ್ನೋ ಇನ್ನೊಂದು ಜೋಮಿನ ಔಷಧಿಯ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಅದರ ಜೋಮು 8 ಗಂಟೆ ದಾಟಿದರೂ ಇರಬಹುದು, ಬುದ್ಧಿ ಹಲ್ಲಿನ ಆಪರೇಷನ್‌ಗೆ ಒಳ್ಳೆಯದು, ನಿಮಗೆ ಬೇಡ.

ಇನ್ನು ಅಮ್ಮನ ವಿಷಯ. ಇಲ್ಲಿ ಎಚ್ಚರ ಬೇಕಾದದ್ದು ಅಡ್ರಿನಲಿನ್ ಬಗ್ಗೆ. ಬಿಪಿ ಹಿಡಿತದಲ್ಲಿರುವ ಹೆಚ್ಚಿನವರಿಗೆ ಸ್ವಲ್ಪ ಅಡ್ರಿನಲಿನ್ ಸಮಸ್ಯೆ ಮಾಡಲ್ಲ. ಸರಿಯಾಗಿ ಮರಗಟ್ಟದೆ ನೋವಾದರೆ ದೇಹವೇ ಅದಕ್ಕಿಂತ ಜಾಸ್ತಿ ಅಡ್ರಿನಲಿನ್ ಸುರಿಸುತ್ತೆ. ಆದರೆ ಅಡ್ರಿನಲಿನ್ ಕೆಲವು ರಕ್ತನಾಳಗಳನ್ನು ಸಡಿಲವೂ ಮಾಡುತ್ತೆ; ಪ್ರೊಪ್ರನೊಲಾಲ್ ತಗೊಳ್ಳುವವರಲ್ಲಿ ಆ ಸಡಿಲ ಮಾಡುವ ಭಾಗ ಮುಚ್ಚಿಹೋಗಿರುತ್ತೆ, ಬಿಗಿ ಮಾಡುವ ಭಾಗ ಮಾತ್ರ ಉಳಿದಿರುತ್ತೆ. ಹಾಗಾಗಿ ಬಿಪಿ ಏಕಾಏಕಿ ಏರಿ, ನಾಡಿ ನಿಧಾನವಾಗುವ ಸಾಧ್ಯತೆ ಇದೆ. ಅದೇ ಗುಂಪಿನ ಬೇರೆ ಮಾತ್ರೆಗಳಾದ ಮೆಟೊಪ್ರೊಲಾಲ್, ಅಟೆನೊಲಾಲ್ ತಗೊಳ್ಳುವವರಿಗೆ ಈ ಭಯ ಕಡಿಮೆ. ಸುಲಭವಾಗಿ ಬರುವ ಹಲ್ಲಾಗಿದ್ದರೆ ಅಡ್ರಿನಲಿನ್ ಇಲ್ಲದ 3% ಮೆಪಿವಕೇನ್ ಅನ್ನೋ ಜೋಮಿನ ಔಷಧಿ ಸಿಗುತ್ತಾ ಕೇಳಿ, ಹಲ್ಲು 20ರಿಂದ 40 ನಿಮಿಷ ಮರಗಟ್ಟಿರುತ್ತೆ. ಅದು ಇಲ್ಲದಿದ್ದರೆ ಅಡ್ರಿನಲಿನ್ ಇರುವ ಲಿಗ್ನೋಕೇನನ್ನೇ ತೀರಾ ಕಡಿಮೆ ಪ್ರಮಾಣದಲ್ಲಿ, ಸೂಜಿ ರಕ್ತನಾಳದಲ್ಲಿಲ್ಲ ಅಂತ ನೋಡಿಕೊಂಡು ನಿಧಾನವಾಗಿ ಕೊಟ್ಟು, ಮಧ್ಯೆ ಬಿಪಿ ನೋಡಬಹುದು. ಅವತ್ತು ಬಿಪಿ 180/110 ದಾಟಿದ್ದರೆ ಹಲ್ಲು ಕೀಳುವುದನ್ನು ಮುಂದೂಡಿ.

ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಪ್ರೊಪ್ರನೊಲಾಲ್ ದಿಢೀರನೆ ಬಿಟ್ಟರೆ ಹೃದಯಕ್ಕೆ ಅಪಾಯ. ಬೆಳಿಗ್ಗೆ ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟು, ಅದರ ಸ್ಟ್ರಿಪ್ ಜೊತೆಗೆ ತಗೊಂಡೇ ಕ್ಲಿನಿಕ್‌ಗೆ ಹೋಗಿ.