ಓದುಗರ ಪ್ರಶ್ನೆ, ನಮ್ಮ ಉತ್ತರ: ಖೈಬರ್ ಮುಳುಗಿದ ರಾತ್ರಿ

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ್’ ಬೋಟೇ 1971ರಲ್ಲಿ ಪಾಕಿಸ್ತಾನದ ಖೈಬರ್ ಹಡಗನ್ನು ಮುಳುಗಿಸಿತಂತೆ, ಹೌದೆ? ಅಷ್ಟು ದೊಡ್ಡ ಡಿಸ್ಟ್ರಾಯರ್ ಇಷ್ಟು ಚಿಕ್ಕ ಬೋಟಿಗೆ ಸೋತದ್ದು ಹೇಗೆ?
– ಒಬ್ಬ ಓದುಗರು, ವಾಸ್ಕೋ, ಗೋವಾ

ಉತ್ತರ: ಅಲ್ಲ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಈ ತಪ್ಪು ಪತ್ರಿಕೆಗಳಲ್ಲೂ ಆಗಾಗ ಅಚ್ಚಾಗುತ್ತದೆ. ಗುರುತು ಹಿಡಿಯುವುದು ಸುಲಭ: ಚಪಲ್‌ನ ಕ್ಷಿಪಣಿ ಗೂಡುಗಳು ಪೀಪಾಯಿಯಂತೆ ಉರುಟು, 1971ರ ಬೋಟುಗಳದ್ದು ಚೌಕದ ಪೆಟ್ಟಿಗೆ. ಖೈಬರ್ ಅನ್ನು ಹೊಡೆದದ್ದು ‘ನಿರ್ಘಾತ್’ ಎಂಬ ಕ್ಷಿಪಣಿ ಬೋಟು.

ಖೈಬರ್ ಮೊದಲು ಬ್ರಿಟಿಷರ ‘ಕ್ಯಾಡಿಜ್’. 1950ರ ದಶಕದಲ್ಲಿ ಪಾಕಿಸ್ತಾನದ ಕೈಗೆ ಹೋಯಿತು. 1965ರ ಸೆಪ್ಟೆಂಬರ್ 7ರ ರಾತ್ರಿ ದ್ವಾರಕೆಯ ಮೇಲೆ ಗುಂಡು ಸುರಿಸಿದ ಹಡಗುಗಳಲ್ಲಿ ಇದೂ ಒಂದು. ಅದರ ಮುಖ್ಯ ಬಲ 4.5 ಇಂಚಿನ ಫಿರಂಗಿಗಳು; ಅವುಗಳ ಗುಂಡು ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲೇ ಮುಗಿಯುತ್ತದೆ. ನಿರ್ಘಾತ್ ಹೊತ್ತಿದ್ದ ಸ್ಟಿಕ್ಸ್ ಕ್ಷಿಪಣಿ ಸುಮಾರು 40 ಕಿ.ಮೀ. ಹಾರುತ್ತದೆ, ಎರಡು ಟನ್ನಿಗೂ ಮಿಕ್ಕಿ ತೂಗುತ್ತದೆ. ಬೋಟಿನ ರೇಡಾರ್ ದಿಕ್ಕು ತೋರಿದರೆ ಸಾಕು, ಗುರಿ ಸಮೀಪಿಸಿದಾಗ ಅದು ತನ್ನದೇ ರೇಡಾರ್ ಹಚ್ಚಿಕೊಂಡು ಹಡಗನ್ನು ಹುಡುಕುತ್ತದೆ. ಹೀಗಾಗಿ ಗಾತ್ರದ ಲೆಕ್ಕ ಇಲ್ಲಿ ನಡೆಯಲಿಲ್ಲ.

ಡಿಸೆಂಬರ್ 4ರ ರಾತ್ರಿ, ಕರಾಚಿಯ ದಕ್ಷಿಣಕ್ಕೆ, ಖೈಬರ್‌ನವರಿಗೆ ಕಂಡದ್ದು ತಮ್ಮತ್ತ ಬರುವ ಒಂದು ಬೆಳಕು. ವಿಮಾನವೆಂದೇ ಬಗೆದು ಬೋಫೋರ್ಸ್ ತೋಪುಗಳಿಂದ ಹೊಡೆದರು. ಮೊದಲ ಕ್ಷಿಪಣಿ ಬಲಮಗ್ಗುಲಿಗೆ ಬಡಿದು ಒಂದನೇ ಬಾಯ್ಲರ್ ಕೋಣೆ ಸಿಡಿಯಿತು. ಉಗಿ ಹೋದರೆ ಅಂಥ ಹಡಗಿನಲ್ಲಿ ಎಲ್ಲವೂ ಹೋದಂತೆ: ಯಂತ್ರ ನಿಂತಿತು, ಕರೆಂಟು ಹೋಯಿತು, ಒಳಗೆಲ್ಲ ಹೊಗೆ. ಕೆಲವೇ ನಿಮಿಷಗಳಲ್ಲಿ ಎರಡನೆಯದು ಬಂದು ಇನ್ನೊಂದು ಬಾಯ್ಲರ್ ಕೋಣೆಯನ್ನೂ ಕೆಡವಿತು.

ಮುಳುಗುವ ಮುನ್ನ ಕಳಿಸಿದ ಸಂದೇಶದಲ್ಲಿ ಎರಡು ತಪ್ಪುಗಳಿದ್ದವು. ‘ಶತ್ರು ವಿಮಾನದ ದಾಳಿ’ ಎಂಬುದೊಂದು. ಕ್ಷಿಪಣಿ ಬೋಟುಗಳು ಬಂದಿವೆ ಎಂಬ ಎಚ್ಚರಿಕೆ ಕರಾಚಿಗೆ ತಲುಪಲೇ ಇಲ್ಲ. ಹಡಗಿದ್ದ ಜಾಗವನ್ನು ತಪ್ಪಾಗಿ ತಿಳಿಸಿದ್ದು ಇನ್ನೊಂದು, ನಮ್ಮ ಮಟ್ಟಿಗೆ ಇದೇ ಹೆಚ್ಚು ಘೋರ: ನೀರಿಗೆ ಬಿದ್ದವರನ್ನು ಹುಡುಕುವುದು ತಡವಾಯಿತು. ಸತ್ತವರು 222 ಮಂದಿ.

ಪ್ರಶ್ನೆ: ಬೋಟುಗಳನ್ನು ಮುಂಬಯಿಯಿಂದ ಹಗ್ಗ ಕಟ್ಟಿ ಎಳೆದೊಯ್ದರು ಎನ್ನುವುದು ದಂತಕಥೆಯಲ್ಲವೆ?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ನಿಜವೇ. ಅವು ರೇವು ಕಾಯಲೆಂದು ಕಟ್ಟಿದ ಬೋಟುಗಳು; ವೇಗ ಹೆಚ್ಚು, ಇಂಧನ ಕಡಿಮೆ. ಮುಂಬಯಿಯಿಂದ ಕರಾಚಿಯವರೆಗೆ ಸ್ವಂತ ಎಂಜಿನ್‌ನಲ್ಲೇ ಹೋಗಿ ಪೂರ್ತಿ ವೇಗದಲ್ಲಿ ಮರಳುವುದು ಕಷ್ಟ. ಆದ್ದರಿಂದ ದೊಡ್ಡ ಹಡಗಿನ ಹಿಂದೆ ಎಳೆಸಿಕೊಂಡು ಸೌರಾಷ್ಟ್ರದ ಕಡೆಗೆ ಸಾಗಿಸುವ ಉಪಾಯ. ಎಳೆಯುವುದೇನೂ ಹೊಸದಲ್ಲ: ರಷ್ಯಾದಿಂದ ಸರಕು ಹಡಗಿನಲ್ಲಿ ಬಂದಾಗ ಅಷ್ಟು ಭಾರ ಎತ್ತುವ ಕ್ರೇನ್ ಮುಂಬಯಿಯಲ್ಲಿ ಇರಲಿಲ್ಲ, ಕಲ್ಕತ್ತೆಯಲ್ಲಿ ಇಳಿಸಿ ಸುತ್ತಿ ಎಳೆದು ತಂದಿದ್ದರು. ದಾಳಿಯ ರಾತ್ರಿ ನಿಪಾತ್, ನಿರ್ಘಾತ್, ವೀರ್ ಬೋಟುಗಳ ಜೊತೆಗೆ ಕಿಲ್ತಾನ್, ಕಚ್ಚಾಲ್ ಎಂಬ ದೊಡ್ಡ ಹಡಗುಗಳು ಹೋಗಿದ್ದವು.

ಪ್ರಶ್ನೆ: ನಮ್ಮ ಖುಕ್ರಿಯೂ ಡಿಸ್ಟ್ರಾಯರ್ ತಾನೆ?
– ಒಬ್ಬ ಓದುಗರು, ಪುಣೆ

ಉತ್ತರ: ಅಲ್ಲ, ಜಲಾಂತರ್ಗಾಮಿ ಬೇಟೆಯ ಫ್ರಿಗೇಟ್, ಅಂದರೆ ಡಿಸ್ಟ್ರಾಯರ್‌ಗಿಂತ ಚಿಕ್ಕ ಯುದ್ಧನೌಕೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಬಿಟ್ಟ ಟಾರ್ಪಿಡೊಗೆ ಸಿಕ್ಕಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಸ್ಮಾರಕ ದಿಯುವಿನಲ್ಲಿದೆ.